ಅರವತ್ತು ದಾಟಿದ ಸರಣಿ: ಯಾವ ಓದುಗರ ಮಾತನ್ನು ನಂಬುವುದು?

ಪ್ರಶ್ನೆ: ಜೆ. ಡಿ. ರಾಬ್ ಅವರ ‘ಇನ್ ಡೆತ್’ ಪತ್ತೇದಾರಿ ಸರಣಿಯ ಇತ್ತೀಚಿನ ಕಾದಂಬರಿಯೊಂದು ನನ್ನ ಕೈಗೆ ಬಂದಿದೆ. ನಾನು ಈ ಸರಣಿಯ ಒಂದು ಪುಸ್ತಕವನ್ನೂ ಓದಿಲ್ಲ. ಓದುವ ಮೊದಲು ಇತರ ಓದುಗರ ಅಭಿಪ್ರಾಯಗಳನ್ನು ನೋಡಿದೆ, ಗೊಂದಲ ಹೆಚ್ಚಾಯಿತು. ಈವ್ ಮತ್ತು ರೋರ್ಕ್ ದಂಪತಿಯನ್ನು ಮತ್ತೆ ಕಂಡು ಸಂತೋಷವಾಯಿತು ಎಂದು ಕೆಲವರು ಬರೆದಿದ್ದಾರೆ. ಹಲವು ಪುಸ್ತಕಗಳಿಂದ ಇದೇ ಕಥೆ ನಡೆಯುತ್ತಿದೆ ಎಂದು ಇನ್ನು ಕೆಲವರಿಗೆ ಬೇಸರ. ಕೊಲೆಗಾರ ಯಾರೆಂಬುದು ಅರ್ಧದಲ್ಲೇ ತಿಳಿದುಹೋಗುತ್ತದೆ ಎಂಬುದು ಮತ್ತೊಂದು ದೂರು. ಭವಿಷ್ಯದ ಕಾಲ ಬರೀ ಅಲಂಕಾರ ಎನ್ನುವವರೂ ಇದ್ದಾರೆ. ಯಾರನ್ನು ನಂಬಲಿ? ಮೊದಲ ಪುಸ್ತಕದಿಂದಲೇ ಆರಂಭಿಸಬೇಕೆ?

ಉತ್ತರ: ನೀವು ಉಲ್ಲೇಖಿಸಿರುವ ನಾಲ್ಕು ಅಭಿಪ್ರಾಯಗಳೂ ಪ್ರಾಮಾಣಿಕವಾದವು ಎಂದೇ ನಾನು ಭಾವಿಸುತ್ತೇನೆ. ಅವು ಒಂದಕ್ಕೊಂದು ವಿರುದ್ಧವಾಗಿ ಕಾಣಲು ಕಾರಣ, ನಾಲ್ವರೂ ಒಂದೇ ಪುಸ್ತಕವನ್ನು ಓದಿದ್ದರೂ ಅದರಿಂದ ನಿರೀಕ್ಷಿಸಿದ್ದು ಬೇರೆ ಬೇರೆ. ಒಬ್ಬರು ಪಾತ್ರಗಳನ್ನು ನೋಡಲು ಬಂದವರು, ಮತ್ತೊಬ್ಬರು ಹೊಸತನಕ್ಕಾಗಿ ಬಂದವರು, ಇನ್ನೊಬ್ಬರು ಒಗಟನ್ನು ಬಿಡಿಸಲು ಬಂದವರು, ಕೊನೆಯವರು ವಿಜ್ಞಾನ ಕಥೆಯ ಹಂಬಲದಿಂದ ಬಂದವರು. ಆದ್ದರಿಂದ ಯಾರನ್ನು ನಂಬಬೇಕು ಎಂದು ಕೇಳುವ ಮೊದಲು, ಅವರು ಏನನ್ನು ಹುಡುಕಿಕೊಂಡು ಬಂದಿದ್ದರು ಮತ್ತು ನೀವು ಹುಡುಕುತ್ತಿರುವುದು ಅದನ್ನೇ ಹೌದೋ ಅಲ್ಲವೋ ಎಂದು ಕೇಳಿಕೊಳ್ಳಬೇಕು. ದೀರ್ಘ ಸರಣಿಯ ವಿಷಯದಲ್ಲಿ ಈ ಎಚ್ಚರ ಬಿಡಿ ಕಾದಂಬರಿಗಿಂತ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಅರವತ್ತನೆಯ ಪುಸ್ತಕದ ಬಗ್ಗೆ ಬರೆಯುವವರು ಬಹುಮಟ್ಟಿಗೆ ಹಿಂದಿನ ಹತ್ತಾರು ಪುಸ್ತಕಗಳ ನೆನಪಿನೊಂದಿಗೇ ಬರೆಯುತ್ತಾರೆ. ನಿಮ್ಮ ಬಳಿ ಆ ನೆನಪು ಇಲ್ಲ.

ಮೊದಲು ಸರಣಿಯ ಬಗ್ಗೆ ಕೆಲವು ಸಂಗತಿಗಳು. ಜೆ. ಡಿ. ರಾಬ್ ಎಂಬುದು ಪ್ರೇಮ ಕಾದಂಬರಿಗಳಿಗೆ ಹೆಸರಾದ ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್ ಅವರ ಕಾವ್ಯನಾಮ. ‘ಜೆ’ ಮತ್ತು ‘ಡಿ’ ಅವರ ಇಬ್ಬರು ಗಂಡುಮಕ್ಕಳ ಹೆಸರಿನ ಮೊದಲ ಅಕ್ಷರಗಳು. ಮೊದಲ ಕಾದಂಬರಿ ‘ನೇಕೆಡ್ ಇನ್ ಡೆತ್’ ಪ್ರಕಟವಾದದ್ದು 1995ರಲ್ಲಿ. ಐವತ್ತನೆಯದು, ‘ಗೋಲ್ಡನ್ ಇನ್ ಡೆತ್’, 2020ರಲ್ಲಿ ಬಂದಿತು. ಸಾಮಾನ್ಯವಾಗಿ ವರ್ಷಕ್ಕೆ ಎರಡರಂತೆ ಬರುತ್ತಿರುವ ಈ ಕಾದಂಬರಿಗಳ ಸಂಖ್ಯೆ 2025ರಲ್ಲಿ ಅರವತ್ತನ್ನು ದಾಟಿದೆ. ಕಥೆ ಆರಂಭವಾಗುವುದು 2058ರ ನ್ಯೂಯಾರ್ಕ್ ನಗರದಲ್ಲಿ. ನಾಯಕಿ ಈವ್ ಡಲ್ಲಾಸ್ ಅಲ್ಲಿನ ಪೊಲೀಸ್ ಇಲಾಖೆಯ ಕೊಲೆ ತನಿಖಾ ವಿಭಾಗದಲ್ಲಿ ಲೆಫ್ಟಿನೆಂಟ್. ರೋರ್ಕ್ ಐರ್ಲೆಂಡಿನಿಂದ ಬಂದು ಅಪಾರ ಸಂಪತ್ತು ಗಳಿಸಿದ, ಹಿಂದಿನ ಬದುಕು ಅಷ್ಟೇನೂ ಸ್ವಚ್ಛವಲ್ಲದ ಉದ್ಯಮಿ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ ಕಾಲದ ಲೆಕ್ಕ. ಹೊರಗಿನ ಜಗತ್ತಿನಲ್ಲಿ ಮೂವತ್ತು ವರ್ಷಗಳು ಕಳೆದಿದ್ದರೂ ಕಥೆಯೊಳಗೆ ಕಳೆದಿರುವುದು ಸುಮಾರು ಮೂರು ವರ್ಷ ಮಾತ್ರ. ಮೊದಲ ಪುಸ್ತಕವನ್ನು ಕಾಲೇಜಿನ ದಿನಗಳಲ್ಲಿ ಓದಿದವರು ಇಂದು ಐವತ್ತರ ವಯಸ್ಸಿನಲ್ಲಿದ್ದಾರೆ, ಈವ್ ಮಾತ್ರ ಇನ್ನೂ ಮೂವತ್ತರ ಆರಂಭದಲ್ಲೇ ಇದ್ದಾಳೆ. ಹಲವು ಪುಸ್ತಕಗಳಿಂದ ಇದೇ ಕಥೆ ಎಂಬ ದೂರಿನ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪಾತ್ರಗಳು ಬದಲಾಗುವುದೇ ಇಲ್ಲವೆಂದಲ್ಲ. ಈವ್ ಮತ್ತು ರೋರ್ಕ್ ಮದುವೆಯಾಗುತ್ತಾರೆ, ಸಮವಸ್ತ್ರದ ಸಹಾಯಕಿಯಾಗಿ ಬಂದ ಪೀಬಡಿ ಡಿಟೆಕ್ಟಿವ್ ಆಗಿ ಈವ್‌ಳ ಜೊತೆಗಾರ್ತಿಯಾಗುತ್ತಾಳೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿದ್ದ ಒಂಟಿ ಹೆಣ್ಣಿನ ಸುತ್ತ ನಿಧಾನವಾಗಿ ಒಂದು ಬಳಗ ಕಟ್ಟಿಕೊಳ್ಳುತ್ತದೆ. ಆದರೆ ಮೂರು ವರ್ಷಗಳಲ್ಲಿ ಒಬ್ಬ ಮನುಷ್ಯ ಎಷ್ಟು ಬದಲಾಗಬಹುದೋ ಅಷ್ಟೇ ಬದಲಾವಣೆಯನ್ನು ಅರವತ್ತು ಪುಸ್ತಕಗಳಲ್ಲಿ ಹರಡಬೇಕಾಗಿದೆ. ಮೊದಲ ಹತ್ತು ಪುಸ್ತಕಗಳಲ್ಲಿ ಸಂಬಂಧಗಳು ಹುಟ್ಟುತ್ತವೆ, ಮುರಿಯುವ ಭಯವಿರುತ್ತದೆ. ಮುಂದಿನವುಗಳಲ್ಲಿ ಅವು ಗಟ್ಟಿಯಾಗಿ ನಿಂತಿರುತ್ತವೆ, ಹಾಗೆ ನಿಂತ ಮೇಲೆ ಅಲ್ಲಿ ಆತಂಕಕ್ಕೆ ಜಾಗ ಕಡಿಮೆ.

ಇದು ಈ ಲೇಖಕಿಯೊಬ್ಬರ ಸಮಸ್ಯೆಯಲ್ಲ. ಪತ್ತೇದಾರಿ ಸರಣಿ ಬರೆಯುವ ಪ್ರತಿಯೊಬ್ಬರೂ ಕಾಲವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲೇಬೇಕು. ಸೂ ಗ್ರಾಫ್ಟನ್ 1982ರಿಂದ 2017ರವರೆಗೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಹೆಸರಿಟ್ಟ ಇಪ್ಪತ್ತೈದು ಕಾದಂಬರಿಗಳನ್ನು ಬರೆದರೂ ಅವರ ನಾಯಕಿ 1980ರ ದಶಕವನ್ನು ದಾಟಿ ಬರಲಿಲ್ಲ. ಜಾರ್ಜ್ ಸಿಮೆನಾನ್ ಅವರ ಇನ್ಸ್‌ಪೆಕ್ಟರ್ ಮೇಗ್ರೆ 75 ಕಾದಂಬರಿಗಳ ಉದ್ದಕ್ಕೂ ಬಹುತೇಕ ಒಂದೇ ವಯಸ್ಸಿನ ದಣಿದ ಮನುಷ್ಯನಾಗಿಯೇ ಉಳಿದ. ಇದಕ್ಕೆ ವಿರುದ್ಧವಾಗಿ ಇಯಾನ್ ರ‍್ಯಾಂಕಿನ್ ಅವರ ಪೊಲೀಸ್ ಅಧಿಕಾರಿ ರೀಬಸ್, 1987ರಲ್ಲಿ ಹುಟ್ಟಿದ ಪಾತ್ರ, ಓದುಗರ ಜೊತೆಜೊತೆಗೇ ಮುದುಕನಾಗುತ್ತಾ 2007ರ ಕಾದಂಬರಿಯಲ್ಲಿ ನಿವೃತ್ತಿಯ ಹೊಸ್ತಿಲಿಗೆ ಬಂದು ನಿಂತ. ಎರಡನೆಯ ದಾರಿಯಲ್ಲಿ ಪುನರಾವರ್ತನೆಯ ದೂರು ಕಡಿಮೆ, ಆದರೆ ಪಾತ್ರಕ್ಕೆ ಮುಪ್ಪು ಬರುತ್ತದೆ, ಸರಣಿಗೂ ಬರುತ್ತದೆ. ಮೊದಲ ದಾರಿಯಲ್ಲಿ ಸರಣಿ ಎಷ್ಟು ಕಾಲವಾದರೂ ನಡೆಯಬಹುದು, ಆದರೆ ನಿಷ್ಠಾವಂತ ಓದುಗರು ಒಂದಲ್ಲ ಒಂದು ದಿನ ದಣಿಯುತ್ತಾರೆ. ಹಾಗೆ ದಣಿದವರ ಮಾತು ಸುಳ್ಳಲ್ಲ. ಅದು ಮೂವತ್ತೋ ನಲವತ್ತೋ ಪುಸ್ತಕ ಓದಿದ ಮೇಲಿನ ದಣಿವು, ನಿಮಗೆ ಈಗಲೇ ಅನ್ವಯಿಸುವಂಥದ್ದಲ್ಲ.

ಮರಳಿ ಕಂಡ ಸಂತೋಷವನ್ನು ಹೇಳಿಕೊಂಡವರ ಮಾತಿಗೂ ಇದೇ ಮಿತಿ ಇದೆ, ಮತ್ತು ಅದು ಮೆಚ್ಚುಗೆಯಾದ್ದರಿಂದ ಮಿತಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೊದಲ ಪುಸ್ತಕ ಇಷ್ಟವಾಗದವರು ಎರಡನೆಯದನ್ನು ಕೊಳ್ಳುವುದಿಲ್ಲ, ಐದನೆಯದರಲ್ಲಿ ಬೇಸತ್ತವರು ಆರನೆಯದರ ಬಗ್ಗೆ ಬರೆಯುವುದಿಲ್ಲ. ಹೀಗೆ ಜರಡಿ ಹಿಡಿಯುತ್ತಾ ಹೋದರೆ ಅರವತ್ತನೆಯದನ್ನು ತಲುಪುವ ವೇಳೆಗೆ ಉಳಿದಿರುವವರು ಬಹುಪಾಲು ಅಭಿಮಾನಿಗಳೇ. ಆದ್ದರಿಂದ ಸರಣಿಯ ಕೊನೆಯ ಪುಸ್ತಕಗಳಿಗೆ ಸಿಗುವ ನಕ್ಷತ್ರಗಳ ಸರಾಸರಿ ಮೊದಲ ಪುಸ್ತಕಕ್ಕಿಂತ ಮೇಲಿದ್ದರೆ, ಅದನ್ನು ಪುಸ್ತಕ ಉತ್ತಮವಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಹಾಗೆಂದು ಅಭಿಮಾನಿಗಳ ಪ್ರೀತಿಯನ್ನು ನಾನು ಕಡೆಗಣಿಸುವುದಿಲ್ಲ. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದ ಬಳಿ ಸಾಯಿಸಿದಾಗ ಓದುಗರು ಅದನ್ನು ಒಪ್ಪಿಕೊಳ್ಳಲಿಲ್ಲ, ಹತ್ತು ವರ್ಷಗಳ ನಂತರ ಡಾಯ್ಲ್ ಅವನನ್ನು ಬದುಕಿಸಿ ತರಬೇಕಾಯಿತು. ಪಾತ್ರವೊಂದು ಬರೆದವರ ಕೈಮೀರಿ ಓದಿದವರ ಮನೆಯವನಾಗಿಬಿಡುವುದು ಸರಣಿ ಸಾಹಿತ್ಯದ ದೊಡ್ಡ ಶಕ್ತಿ. ಆದರೆ ಆ ಸಂತೋಷ ಗಳಿಸಿಕೊಳ್ಳಬೇಕಾದದ್ದು. ಯಾರ ಮನೆಗೂ ಮೊದಲ ಭೇಟಿಯಲ್ಲೇ ಮರಳಿ ಬಂದ ಅನುಭವ ಆಗುವುದಿಲ್ಲ.

ಕೊಲೆಗಾರ ಬೇಗ ತಿಳಿದುಹೋಗುತ್ತಾನೆ ಎಂಬ ದೂರಿನ ಬಗ್ಗೆ ನಾನು ಸ್ವಲ್ಪ ಕಟುವಾಗಿ ಮಾತನಾಡಬೇಕಾಗಿದೆ, ಏಕೆಂದರೆ ಬಹಳಷ್ಟು ಒಳ್ಳೆಯ ಕಾದಂಬರಿಗಳಿಗೆ ಈ ಮಾತಿನಿಂದ ಅನ್ಯಾಯವಾಗಿದೆ. ಅಪರಾಧಿ ಯಾರೆಂದು ಓದುಗರಿಗೆ ಮೊದಲೇ ತಿಳಿಸಿ, ಅವನನ್ನು ಹೇಗೆ ಹಿಡಿಯುತ್ತಾರೆ ಎಂಬುದರಲ್ಲಿ ಕುತೂಹಲ ಹುಟ್ಟಿಸುವುದು ಬರೆದವರ ಕೈತಪ್ಪಿನಿಂದ ಆಗುವಂಥದ್ದಲ್ಲ. ಆರ್. ಆಸ್ಟಿನ್ ಫ್ರೀಮನ್ 1912ರ ‘ದಿ ಸಿಂಗಿಂಗ್ ಬೋನ್’ ಸಂಗ್ರಹದಲ್ಲಿ ಈ ಕ್ರಮವನ್ನು ಪ್ರಯತ್ನಪೂರ್ವಕವಾಗಿ ರೂಪಿಸಿದರು: ಕಥೆಯ ಮೊದಲ ಭಾಗದಲ್ಲಿ ಅಪರಾಧ ನಮ್ಮ ಕಣ್ಣೆದುರೇ ನಡೆಯುತ್ತದೆ, ಎರಡನೆಯ ಭಾಗದಲ್ಲಿ ಪತ್ತೇದಾರ ಅದನ್ನು ಬಿಡಿಸುತ್ತಾ ಹೋಗುತ್ತಾನೆ. ‘ಇನ್ ಡೆತ್’ ಸರಣಿಯಲ್ಲಿ ಎರಡೂ ಬಗೆಯ ಪುಸ್ತಕಗಳಿವೆ. ಕೆಲವು ಕೊನೆಯವರೆಗೂ ಹೆಸರನ್ನು ಮುಚ್ಚಿಡುತ್ತವೆ, ಕೆಲವು ಕೊಲೆಗಾರನ ತಲೆಯೊಳಗೇ ನಮ್ಮನ್ನು ಕೂರಿಸುತ್ತವೆ. ಎರಡನೆಯ ಬಗೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ತನಿಖೆಯ ಪ್ರತಿ ಹೆಜ್ಜೆ ನಂಬುವಂತಿದೆಯೇ? ಕೊಲೆಗಾರನ ಮನಸ್ಸು ಒಂದೇ ಅಚ್ಚಿನ ಹುಚ್ಚಾಗಿ ಉಳಿಯದೆ ಒಬ್ಬ ವ್ಯಕ್ತಿಯದ್ದಾಗಿ ಕಾಣುತ್ತದೆಯೇ? ಮುಂದಿನ ಬಲಿಯನ್ನು ಉಳಿಸುವ ಓಟದಲ್ಲಿ ನಮ್ಮ ಉಸಿರು ಬಿಗಿಯುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಅಭಿಪ್ರಾಯ ಸಿಕ್ಕಿದರೆ ಅದನ್ನು ಗಮನವಿಟ್ಟು ಓದಿ. ಬೇಗ ಗೊತ್ತಾಯಿತು ಎಂದಷ್ಟೇ ಬರೆದು ನಿಲ್ಲಿಸಿದ್ದರೆ, ಅದು ಒಗಟಿನ ಪ್ರೇಮಿಯೊಬ್ಬರು ಓಟದ ಕಥೆಯನ್ನು ಓದಿದ ನಿರಾಶೆ ಇರಬಹುದು. ನೀವೂ ಒಗಟಿನ ಪ್ರೇಮಿಯಾಗಿದ್ದರೆ ಮಾತ್ರ ಅದು ನಿಮಗೆ ನೀಡಿದ ಎಚ್ಚರಿಕೆ.

ಭವಿಷ್ಯ ಬರೀ ಅಲಂಕಾರ ಎಂಬ ಆಕ್ಷೇಪ ಉಳಿದ ಮೂರಕ್ಕಿಂತ ಆಳವಾದದ್ದು. ಪತ್ತೇದಾರಿ ಕಥೆ ಮತ್ತು ವಿಜ್ಞಾನ ಕಥೆಗಳ ನಡುವೆ ಹಳೆಯ ಕಲಹವೊಂದಿದೆ. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಈ ಬಗೆಯ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಹಾಕಿದರು. ಇನ್ನೂ ಯಾರೂ ಕಂಡುಹಿಡಿಯದ ವಿಷವನ್ನಾಗಲಿ, ಕೊನೆಯಲ್ಲಿ ದೀರ್ಘ ವೈಜ್ಞಾನಿಕ ವಿವರಣೆ ಬೇಡುವ ಉಪಕರಣವನ್ನಾಗಲಿ ಬಳಸಬಾರದು ಎಂಬುದು ಅವುಗಳಲ್ಲೊಂದು. ಕಾರಣ ಸ್ಪಷ್ಟವಾಗಿದೆ: ಓದುಗರಿಗೂ ಪತ್ತೇದಾರನಿಗೂ ಸಮಾನ ಅವಕಾಶವಿರಬೇಕಾದ ಆಟದಲ್ಲಿ, ಬರೆಯುವವರು ಕೊನೆಯ ಅಧ್ಯಾಯದಲ್ಲಿ ಜೇಬಿನಿಂದ ಹೊಸ ಯಂತ್ರವೊಂದನ್ನು ತೆಗೆದರೆ ಅದು ಮೋಸ. ಅಮೆರಿಕದ ವಿಜ್ಞಾನ ಕಥಾ ಪತ್ರಿಕೆಯ ಪ್ರಸಿದ್ಧ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಇದೇ ಕಾರಣಕ್ಕೆ ಈ ಎರಡು ಪ್ರಕಾರಗಳು ಒಂದಾಗಲಾರವು ಎಂದು ವಾದಿಸಿದ್ದರು. ಆ ವಾದಕ್ಕೆ ಉತ್ತರವಾಗಿ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಬರೆದ ಕಾದಂಬರಿ, 1954ರಲ್ಲಿ ಪುಸ್ತಕರೂಪದಲ್ಲಿ ಬಂದ ‘ದಿ ಕೇವ್ಸ್ ಆಫ್ ಸ್ಟೀಲ್’. ಅದರ ತನಿಖೆ ನಡೆಯುವುದೂ ಭವಿಷ್ಯದ ನ್ಯೂಯಾರ್ಕಿನಲ್ಲಿಯೇ. ಅಲ್ಲಿನ ಜನ ಮುಚ್ಚಿದ ಮಹಾನಗರದೊಳಗೆ ಹುಟ್ಟಿ ಬೆಳೆದವರು, ಬಯಲು ಆಕಾಶದ ಕೆಳಗೆ ನಡೆಯುವ ಯೋಚನೆಗೇ ನಡುಗುವವರು. ರೋಬಾಟ್‌ಗಳು ಮನುಷ್ಯರಿಗೆ ಹಾನಿ ಮಾಡಲಾರವು. ಈ ಎರಡನ್ನೂ ಅಸಿಮೋವ್ ಮೊದಲೇ ನಮ್ಮ ಮುಂದಿಡುತ್ತಾರೆ, ಆಮೇಲೆ ಇಡೀ ಕೊಲೆಯ ಒಗಟನ್ನು ಅವೇ ಎರಡು ಕಟ್ಟುಪಾಡುಗಳ ಮೇಲೆ ನಿಲ್ಲಿಸುತ್ತಾರೆ. ಆಲ್ಫ್ರೆಡ್ ಬೆಸ್ಟರ್ ಅವರ ‘ದಿ ಡಿಮಾಲಿಷ್ಡ್ ಮ್ಯಾನ್’, 1953ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯನ್ನು ಕಾದಂಬರಿಗಾಗಿ ಮೊಟ್ಟಮೊದಲು ಪಡೆದ ಕೃತಿ, ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಕೊಲೆಗಾರ ಯಾರೆಂದು ಆರಂಭದಲ್ಲೇ ಗೊತ್ತು. ಮನಸ್ಸನ್ನು ಓದಬಲ್ಲ ಪೊಲೀಸರಿರುವ ಜಗತ್ತಿನಲ್ಲಿ ಒಬ್ಬ ಮನುಷ್ಯ ಕೊಲೆ ಮಾಡಿ ತಪ್ಪಿಸಿಕೊಳ್ಳುವುದು ಹೇಗೆ, ಅವನ ಮೇಲಿನ ಆರೋಪವನ್ನು ಸಾಬೀತು ಮಾಡುವುದು ಹೇಗೆ ಎಂಬುದೇ ಅಲ್ಲಿನ ಪ್ರಶ್ನೆ.

ಇವುಗಳಿಂದ ನಾನು ಕಂಡುಕೊಂಡ ಒಂದು ಪರೀಕ್ಷೆಯನ್ನು ನಿಮಗೆ ಹೇಳುತ್ತೇನೆ: ಕಥೆಯಿಂದ ಭವಿಷ್ಯವನ್ನು ಕಿತ್ತು ತೆಗೆದರೆ ಕೊಲೆ ಹಾಗೆಯೇ ನಿಲ್ಲುತ್ತದೆಯೇ? ನಿಂತರೆ ಆಕ್ಷೇಪ ಸರಿ. ಕುಸಿದುಬಿದ್ದರೆ ಆ ಭವಿಷ್ಯ ಕಥೆಯ ತೊಲೆಯೇ ಆಗಿದೆ.

ಈ ಪರೀಕ್ಷೆಯಲ್ಲಿ ‘ನೇಕೆಡ್ ಇನ್ ಡೆತ್’ ಚೆನ್ನಾಗಿಯೇ ಗೆಲ್ಲುತ್ತದೆ. ಅಲ್ಲಿನ ಬಲಿ ಗುಂಡೇಟಿನಿಂದ ಸತ್ತಿದ್ದಾಳೆ. ನಮ್ಮ ಕಾಲದ ಅಮೆರಿಕದಲ್ಲಿ ಅದು ಸುಳಿವೇ ಅಲ್ಲ. ಆದರೆ ಆ ಕಾದಂಬರಿಯ ಕಾಲದಲ್ಲಿ ಖಾಸಗಿ ವ್ಯಕ್ತಿಗಳು ಬಂದೂಕು ಇಟ್ಟುಕೊಳ್ಳುವುದು ನಿಷಿದ್ಧವಾಗಿದ್ದು, ಹಳೆಯ ಪಿಸ್ತೂಲುಗಳು ಪರವಾನಗಿ ಹೊಂದಿದ ಶ್ರೀಮಂತ ಸಂಗ್ರಾಹಕರ ಕಪಾಟಿನಲ್ಲಿ ಮಾತ್ರ ಉಳಿದಿವೆ. ಹಾಗಾಗಿ ಸರ್ವೇಸಾಧಾರಣವಾದ ಆಯುಧವೇ ಅಪರೂಪದ ಗುರುತಾಗಿ, ಶಂಕಿತರ ಪಟ್ಟಿಯನ್ನು ಕಿರಿದು ಮಾಡುತ್ತದೆ. ರೋರ್ಕ್ ಅಂಥ ಆಯುಧಗಳ ಸಂಗ್ರಾಹಕ. ಈವ್ ಅವನನ್ನು ಭೇಟಿಯಾಗುವುದು ಪ್ರೇಮಿಯಾಗಿ ಅಲ್ಲ, ಅವನನ್ನು ಶಂಕಿಸುವ ಅಧಿಕಾರಿಯಾಗಿ. ಒಂದೇ ಒಂದು ಕಾನೂನನ್ನು ಬದಲಿಸಿ ಲೇಖಕಿ ಒಗಟನ್ನೂ ಪ್ರೇಮಕಥೆಯನ್ನೂ ಒಟ್ಟಿಗೆ ಹುಟ್ಟಿಸಿದ್ದಾರೆ. ಇದನ್ನು ನಾನು ಬಹಳ ಮೆಚ್ಚುತ್ತೇನೆ.

ಈ ಸರಣಿಯ ಭವಿಷ್ಯ ಯಂತ್ರಗಳದ್ದಕ್ಕಿಂತ ಹೆಚ್ಚಾಗಿ ಸಮಾಜದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಯಂತ್ರಗಳು ಇವೆ: ಅಡುಗೆ ಮಾಡಿಕೊಡುವ ಆಟೋಶೆಫ್, ಮುಖ ತೋರಿಸಿ ಮಾತನಾಡುವ ‘ಲಿಂಕ್’, ಹಾರಬಲ್ಲ ವಾಹನಗಳು. 1995ರಲ್ಲಿ ಬೆರಗಾಗಿ ಕಂಡ ಲಿಂಕ್ ಇಂದು ಪ್ರತಿಯೊಬ್ಬರ ಕೈಯಲ್ಲಿದೆ, ಹಾಗಾಗಿ ಅದನ್ನು ಓದಿ ಬೆರಗಾಗುವವರಿಲ್ಲ. ಯಂತ್ರಗಳನ್ನು ನಂಬಿದ ಭವಿಷ್ಯ ಬೇಗ ಹಳತಾಗುತ್ತದೆ. ಆದರೆ ನಿಜವಾದ ಕಾಫಿ ಸಿರಿವಂತರಿಗೆ ಮಾತ್ರ ದಕ್ಕುವ ವಸ್ತುವಾಗಿರುವುದು, ವೇಶ್ಯಾವೃತ್ತಿಗೆ ಸರ್ಕಾರಿ ಪರವಾನಗಿ ಇರುವುದು, ನಗರಗಳೊಳಗೆ ನಡೆದ ಯುದ್ಧಗಳ ನೆನಪು ಹಿರಿಯರಲ್ಲಿ ಉಳಿದಿರುವುದು, ಇಂಥವು ಹಳತಾಗಿಲ್ಲ. ತನ್ನನ್ನು ಶಂಕಿಸುತ್ತಿರುವ ಅಧಿಕಾರಿಗೆ ರೋರ್ಕ್ ನಿಜವಾದ ಕಾಫಿಯನ್ನು ಕಳುಹಿಸಿಕೊಡುವಾಗ ಅವರಿಬ್ಬರ ನಡುವಿನ ಅಂತಸ್ತಿನ ಅಂತರ ಒಂದು ಪುಟದ ವಿವರಣೆಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಆದರೂ ನಿಮ್ಮ ನಾಲ್ಕನೆಯ ಓದುಗರ ಪರವಾಗಿ ನಾನು ಒಂದು ಮಾತನ್ನು ಒಪ್ಪಲೇಬೇಕು. ನಂತರದ ಕಾದಂಬರಿಗಳಲ್ಲಿ ಹಲವು, ನನ್ನ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಅಸೂಯೆ, ಹಣ, ಹಳೆಯ ದ್ವೇಷ ಇವುಗಳಿಂದ ಹುಟ್ಟಿದ ಕೊಲೆಗಳನ್ನು ಇಂದಿನ ನ್ಯೂಯಾರ್ಕಿಗೆ ತಂದು ನಿಲ್ಲಿಸಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಅವು ಕೆಟ್ಟ ಕಾದಂಬರಿಗಳೆಂದು ನಾನು ಹೇಳುತ್ತಿಲ್ಲ, ಪೊಲೀಸ್ ತನಿಖೆಯ ಕಥೆಗಳಾಗಿ ಅವು ಗಟ್ಟಿಯಾಗಿಯೇ ಇವೆ. ಆದರೆ ವಿಜ್ಞಾನ ಕಥೆಯ ಹಸಿವಿನಿಂದ ಬಂದವರಿಗೆ ಅವುಗಳಿಂದ ಹೊಟ್ಟೆ ತುಂಬುವುದಿಲ್ಲ. ನಿಮ್ಮ ಹಸಿವು ಅದೇ ಆಗಿದ್ದರೆ ಅಸಿಮೋವ್ ಮತ್ತು ಬೆಸ್ಟರ್ ಕಡೆಗೆ ಹೋಗುವುದು ಒಳ್ಳೆಯದು.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಈ ಸರಣಿಯ ಬಗ್ಗೆ ಆಗಾಗ ಕೇಳಿಬರುವ ಇನ್ನೊಂದು ಅಭಿಪ್ರಾಯವನ್ನು ನಾನೇ ಸೇರಿಸುತ್ತೇನೆ. ಈವ್‌ಗೆ ಎಂಟು ವರ್ಷವಾಗಿದ್ದಾಗ ಡಲ್ಲಾಸ್ ನಗರದ ಗಲ್ಲಿಯೊಂದರಲ್ಲಿ ಗಾಯಗೊಂಡ ಸ್ಥಿತಿಯಲ್ಲಿ ಸಿಕ್ಕವಳು, ಅವಳ ಹೆಸರಿನ ಅರ್ಧ ಬಂದದ್ದು ಆ ಊರಿನಿಂದಲೇ. ತಂದೆಯಿಂದಲೇ ಅವಳ ಮೇಲೆ ನಡೆದ ದೌರ್ಜನ್ಯದ ನೆನಪುಗಳು ದುಃಸ್ವಪ್ನಗಳಾಗಿ ಮತ್ತೆ ಮತ್ತೆ ಬರುತ್ತವೆ. ಹಳೆಯ ಓದುಗರಲ್ಲಿ ಕೆಲವರಿಗೆ ಇದು ಅತಿಯಾಯಿತು ಎನ್ನಿಸಿದೆ. ನನಗೆ ಹಾಗೆ ಅನ್ನಿಸಿಲ್ಲ. ಅಂಥ ಗಾಯ ಒಂದು ಪುಸ್ತಕದಲ್ಲಿ ಕಾಣಿಸಿಕೊಂಡು ಮುಂದಿನದರಲ್ಲಿ ಮಾಯವಾಗಿದ್ದರೆ ಅದೇ ಅಪ್ರಾಮಾಣಿಕತೆಯಾಗುತ್ತಿತ್ತು. 2011ರ ‘ನ್ಯೂಯಾರ್ಕ್ ಟು ಡಲ್ಲಾಸ್’ ಕಾದಂಬರಿಯಲ್ಲಿ ಈವ್ ಆ ಊರಿಗೆ ಹೋಗುವಾಗ ಆವರೆಗಿನ ಮೂವತ್ತಕ್ಕೂ ಹೆಚ್ಚು ಪುಸ್ತಕಗಳ ಭಾರ ಅವಳ ಬೆನ್ನ ಮೇಲಿರುತ್ತದೆ, ಬಿಡಿ ಕಾದಂಬರಿಯಲ್ಲಿ ಅಷ್ಟು ಭಾರವನ್ನು ಕಟ್ಟಲು ಸಾಧ್ಯವೇ ಇಲ್ಲ. ಆದರೆ ಮಕ್ಕಳ ಮೇಲಿನ ಹಿಂಸೆಯ ವಿವರಗಳನ್ನು ಓದಲಾರದವರು ಈ ಅಭಿಪ್ರಾಯಗಳನ್ನು ಮುಂಚೆಯೇ ನೋಡಿಕೊಳ್ಳುವುದು ಒಳಿತು. ಪ್ರೇಮ ಮತ್ತು ಶೃಂಗಾರದ ದೃಶ್ಯಗಳ ಬಗ್ಗೆಯೂ ಅಷ್ಟೇ. ಲೇಖಕಿ ಯಾರೆಂದು ತಿಳಿದ ಮೇಲೆ ಅವು ಇರುತ್ತವೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಪುಸ್ತಕದ ಬೆಲೆ, ತಡವಾಗಿ ತಲುಪಿದ್ದು, ಆಡಿಯೋ ಪುಸ್ತಕದ ದನಿ ಹಿಡಿಸದಿದ್ದದ್ದು ಮುಂತಾದವುಗಳಿಗಾಗಿ ಕೊಟ್ಟ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹಿಂದೆ ಯಾವ ಪುಸ್ತಕಗಳನ್ನು ಓದಿದ್ದೇವೆಂದು ಮೊದಲೇ ತಿಳಿಸಿ, ಆಮೇಲೆ ಮೆಚ್ಚುಗೆಯನ್ನೋ ದೂರನ್ನೋ ಕಾರಣ ಸಹಿತ ಬರೆದವರ ಅಭಿಪ್ರಾಯ ನಾಲ್ಕು ಸಾಲಿನದ್ದಾದರೂ ನೂರು ನಕ್ಷತ್ರಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಇನ್ನು ಎಲ್ಲಿಂದ ಆರಂಭಿಸುವುದು ಎಂಬ ಪ್ರಶ್ನೆ. ಪ್ರತಿ ಕಾದಂಬರಿಯ ಕೊಲೆ ಸಾಮಾನ್ಯವಾಗಿ ಅದೇ ಪುಸ್ತಕದಲ್ಲಿ ಬಗೆಹರಿಯುವುದರಿಂದ ಎಲ್ಲಿಂದಲಾದರೂ ಓದಬಹುದು ಎಂದು ಅನೇಕರು ಸಲಹೆ ಕೊಡುತ್ತಾರೆ. ಕಥೆ ಅರ್ಥವಾಗುವ ಮಟ್ಟಿಗೆ ಆ ಸಲಹೆ ಸರಿ. ಆದರೂ ನಾನು ಮೊದಲ ಪುಸ್ತಕದಿಂದಲೇ ಆರಂಭಿಸಿ ಎನ್ನುತ್ತೇನೆ, ಕಾರಣ ಪಿಸ್ತೂಲಿನ ಆ ಒಗಟು. ರೋರ್ಕ್ ಈವ್‌ಳ ಗಂಡನಾಗುತ್ತಾನೆಂದು ನಿಮಗೆ ಈಗಾಗಲೇ ತಿಳಿದುಹೋಗಿದೆ, ಆದ್ದರಿಂದ ಅವನ ಮೇಲಿನ ಶಂಕೆಯ ಅರ್ಧ ಬಿಸಿ ಆರಿದೆ. ಉಳಿದ ಅರ್ಧ ಅವರಿಬ್ಬರೂ ಪರಸ್ಪರ ನಂಬಲು ಕಲಿಯುವ ಬಗೆಯಲ್ಲಿದೆ. ಇತ್ತೀಚಿನ ಕಾದಂಬರಿಯನ್ನು ಮೊದಲು ಓದಿ, ಅವರ ನೆಮ್ಮದಿಯ ಸಂಸಾರವನ್ನು ಕಣ್ಣಾರೆ ಕಂಡರೆ ಆ ಅರ್ಧವೂ ತಣ್ಣಗಾಗುತ್ತದೆ. ಅರವತ್ತನ್ನೂ ಓದಬೇಕಾಗಿಲ್ಲ. 1995ರ ಮೊದಲೆರಡನ್ನು, ಮುಂದಿನ ವರ್ಷದ ‘ಇಮ್ಮಾರ್ಟಲ್ ಇನ್ ಡೆತ್’ ಅನ್ನು ಕ್ರಮವಾಗಿ ಓದಿ. ಮೂರನೆಯದು ಅವರ ಮದುವೆಯೊಂದಿಗೆ ಮುಗಿಯುತ್ತದೆ, ಅಲ್ಲಿಗೆ ಸರಣಿಯ ಮುಖ್ಯ ಪಾತ್ರಗಳಲ್ಲಿ ಹಲವರ ಪರಿಚಯ ನಿಮಗಾಗಿರುತ್ತದೆ. ಅನಂತರ ನಿಮ್ಮ ಕೈಯಲ್ಲಿರುವ ಪುಸ್ತಕವನ್ನು ತೆರೆಯಿರಿ. ಆ ಮೂರೂ ನಿಮಗೆ ಹಿಡಿಸದಿದ್ದರೆ ಅದನ್ನು ಓದದೆಯೇ ಹಿಂದಿರುಗಿಸಬಹುದು, ಹಿಡಿಸಿದರೆ ನಡುವಿನವುಗಳಲ್ಲಿ ಮುಂದೆ ಓದಬೇಕಾದದ್ದು ಪೀಬಡಿ ಸಹಾಯಕಿಯಾಗಿ ಈವ್‌ಳ ಜೊತೆ ಸೇರಿದ ಆರಂಭದ ದಿನಗಳ ಪುಸ್ತಕಗಳನ್ನು.